ಶ್ರುತಿ ಇಳಿಸಿಕೊಂಡು ಕೂತು ನೋಡಿ

"ಸಂಗೀತ ಕಛೇರಿಗಳ ಕನಸು ಕೈಬಿಟ್ಟು 47ನೇ ವಯಸ್ಸಿಗೆ ಊರಿಗೆ ಮರಳಿದ್ದೇನೆ, ಐದೂವರೆ ಮನೆಯ ಶ್ರುತಿಯಲ್ಲಿ ತಾರಷಡ್ಜ, ಅಂದರೆ ಮೇಲಿನ 'ಸ', ಮುಟ್ಟಿದರೆ ದನಿ ಒಡೆಯುತ್ತದೆ, ಇನ್ನು ಹಾಡಿ ಏನು ಪ್ರಯೋಜನ?" ಎಂದು ಕೇಳಿದ್ದೀರಿ. ಮೇಡಂ, ದನಿ ಒಡೆಯುವುದನ್ನು ಸೋಲಿನ ಲೆಕ್ಕಕ್ಕೆ ಸೇರಿಸಬೇಡಿ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಹಾರ್ಮೋನು ಬದಲಾಗಿ ಅನೇಕ ಹೆಂಗಸರ ದನಿ ತುಸು ಕೆಳಗಿಳಿಯುತ್ತದೆ. ನನಗೂ ಹಾಗೇ ಆಯಿತು. ಎರಡು ವರ್ಷ ಹಟಕ್ಕೆ ಬಿದ್ದು ಹಳೇ ಶ್ರುತಿಯಲ್ಲೇ ಹಾಡಿ ಗಂಟಲು ಕೆಡಿಸಿಕೊಂಡೆ.

ಶ್ರುತಿಯನ್ನು ನಾಲ್ಕೂವರೆ ಮನೆಗೆ ಇಳಿಸಿ. ತಂಬೂರಿಯ ತಂತಿ ಸಡಿಲಿಸಿದ ಮೇಲೆ ತಂತಿಗಳನ್ನು ಹೊತ್ತ ಪಟ್ಟಿಯ, ಅಂದರೆ ಕುದುರೆಯ, ಮೇಲೆ ತಂತಿಯಡಿ ಇರುವ ನೂಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಮೀಟಿ. ಒಂದು ಜಾಗದಲ್ಲಿ ನಾದ ತಟ್ಟನೆ ಅರಳುತ್ತದೆ. ಆ ಗುಂಗಿನಲ್ಲೇ ಬಾಯಿ ಮುಚ್ಚಿ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಗುನುಗಿ, ಆಮೇಲೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ, ಅದೂ ನಿಧಾನದ ಮೊದಲನೇ ಕಾಲ ಮಾತ್ರ. 20 ನಿಮಿಷಕ್ಕೆ ನಿಲ್ಲಿಸಿಬಿಡಿ. ಮಾತಾಡುವಾಗಲೂ ದನಿ ಒಡೆಯುತ್ತಿದ್ದು, ಮೂರು ವಾರ ಕಳೆದರೂ ಹಾಗೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಪಾಠ ಹೇಳುವ ಯೋಚನೆ ಆರು ತಿಂಗಳು ಬೇಡ. ಬೇರೆಯವರ ದನಿ ತಿದ್ದುವ ಮೊದಲು ನಿಮ್ಮ ಹೊಸ ದನಿಯ ಪರಿಚಯ ನಿಮಗಾಗಲಿ. "ಕಛೇರಿ ಎಲ್ಲಿ ಮಾಡ್ತೀರಿ?" ಅಂತ ಕೇಳಿದವರಿಗೆ "ಈಗ ಮನೇಲೇ ಹಾಡ್ಕೋತೀನಿ" ಅನ್ನಿ. ಮೊದಲ ಸಲ ಹೇಳುವಾಗ ನನಗೆ ಗಂಟಲು ಕಟ್ಟಿತ್ತು, ನಾಲ್ಕನೇ ಸಲ ಕಟ್ಟಲಿಲ್ಲ.