ಅಮ್ಮನ ಅಂಗೈ ನಾಲ್ಕನೇ ಪುಟದಲ್ಲಿ ಯಾಕಿದೆ?

ನಮಸ್ಕಾರ. ಅಂಕೋಲೆಯಿಂದ ನೀವು ಕಳಿಸಿದ ‘ಅಡ್ಡಪರಿಣಾಮವೇ ಇಲ್ಲದ ಕೀಮೋ’ ಲೇಖನವನ್ನು ಎರಡು ಸಲ ಓದಿದೆ. ಹೀಗೆಯೇ ಇದ್ದರೆ ಹಾಕುವುದಿಲ್ಲ.

ಮೊದಲಿಗೆ, ತಲೆಬರಹವೇ ಸುಳ್ಳು. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಲಿಪೊಸೋಮ್‌ನಲ್ಲಿ, ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ ತುಂಬಿ ಕೊಟ್ಟರೆ ಹೃದಯಕ್ಕೆ ಬೀಳುವ ಪೆಟ್ಟು ಕಡಿಮೆ. ಕೂದಲು ಉದುರುವುದೂ ಕಡಿಮೆ. ಆದರೆ ಆ ಗುಳ್ಳೆ ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತಾ ಅಂಗೈ, ಅಂಗಾಲಿನ ಚರ್ಮಕ್ಕೂ ಔಷಧಿ ಮುಟ್ಟಿಸುತ್ತದೆ. ಅಲ್ಲಿ ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ. ಹೃದಯ ಅಷ್ಟುಮಟ್ಟಿಗೆ ಬಚಾವು, ಅಂಗೈಗೆ ಗ್ರಹಚಾರ.

ಇದು ನಿಮಗೆ ಗೊತ್ತಿದೆ! ನಾಲ್ಕನೇ ಪುಟದಲ್ಲಿ ಒಂದೇ ಸಾಲು: ‘ಅಂಗೈ ಸುಲಿದು ಅಮ್ಮನಿಗೆ ಎರಡು ತಿಂಗಳು ಮೀನು ಕೊಯ್ಯಲು ಆಗಲಿಲ್ಲ.’ ಅಷ್ಟು ಬರೆದು ಮತ್ತೆ ‘ನ್ಯಾನೋ ಕ್ರಾಂತಿ’ಗೆ ಓಡಿದ್ದೀರಿ. ಮಾರಾಯ್ರೆ, ಲೇಖನ ಶುರುವಾಗಬೇಕಾದದ್ದು ಅಲ್ಲಿಂದ ಅಲ್ವಾ?

‘ಪಾಶುಪತಾಸ್ತ್ರದಂತೆ ಗುರಿ ಹುಡುಕಿ ಹೊಡೆಯುತ್ತದೆ’ ಎಂಬುದನ್ನು ಹೊಡೆದು ಹಾಕಿದ್ದೇನೆ. ಈ ಗುಳ್ಳೆ ಏನನ್ನೂ ಹುಡುಕುವುದಿಲ್ಲ, ಸುಮ್ನೆ ರಕ್ತದ ಜೊತೆ ಹರಿಯುತ್ತದೆ. ನೀವು ಬಲೆ ಹೆಣೆಯುವ ಮನೆಯವರು, ಬಲೆಯನ್ನೇ ತನ್ನಿ. ಹೃದಯದ ರಕ್ತನಾಳದ ಗೋಡೆ ಸಣ್ಣ ಕಣ್ಣಿನ ಬಲೆ. ಗಡ್ಡೆಯೊಳಗೆ ಗಡಿಬಿಡಿಯಲ್ಲಿ ಬೆಳೆದ ನಾಳ ಹರಕು ಬಲೆ. ಬರೀ ಔಷಧಿ ಶೆಟ್ಲಿಮರಿಯ (ಪುಟ್ಟ ಸೀಗಡಿಯ) ಹಾಗೆ ಎರಡರಲ್ಲೂ ನುಸುಳುತ್ತದೆ. ಸುಮಾರು 100 ನ್ಯಾನೋಮೀಟರ್ ದಪ್ಪದ ಗುಳ್ಳೆ ಬಂಗಡೆ. ಸಣ್ಣ ಕಣ್ಣಲ್ಲಿ ತೂರುವುದಿಲ್ಲ, ಹರಕಿದ್ದಲ್ಲಿ ಹೊರಬೀಳುತ್ತದೆ. ಎಲ್ಲ ಗಡ್ಡೆಯ ನಾಳವೂ ಒಂದೇ ಸಮ ಹರಿದಿರುವುದಿಲ್ಲ, ಹಾಗಾಗಿ ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ಇದನ್ನು ಬಿಡಬೇಡಿ.

ಇತಿಹಾಸಕ್ಕೆ ಒಂದೂವರೆ ಪುಟ ಜಾಸ್ತಿಯಾಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಈ ಗುಳ್ಳೆಗಳನ್ನು ಗುರುತಿಸಿದರು, 1995ರಲ್ಲಿ ಅಮೆರಿಕ ಡಾಕ್ಸಿಲ್‌ಗೆ, ಅಂದರೆ ಗುಳ್ಳೆಯಲ್ಲಿ ತುಂಬಿದ ಇದೇ ಡಾಕ್ಸೊರುಬಿಸಿನ್‌ಗೆ, ಒಪ್ಪಿಗೆ ಕೊಟ್ಟಿತು. ಎರಡು ಸಾಲು ಸಾಕು. ಅಂದಮೇಲೆ ‘ಮೊನ್ನೆ ಬಂದ ಔಷಧಿ’ ಎಂದು ಬರೆದದ್ದೂ ತಪ್ಪು.

ಇನ್ನೊಂದು. ಕೀಮೋಗೆಂದು ಪ್ರತಿ ಸಲ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬಂದಿರಿ ಎಂದಿದ್ದೀರಿ. ಅರಬೈಲು ಘಟ್ಟದ ತಿರುವುಗಳಲ್ಲಿ, ಸುಲಿದ ಅಂಗೈಯಲ್ಲಿ ಅಮ್ಮ ಸೀಟಿನ ಕಂಬಿ ಹಿಡಿದದ್ದು ಹೇಗೆ? ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆಯಿರಿ. 800 ಪದ ಮೀರಬೇಡಿ. ಶಿರಸಿಯಲ್ಲಿ ಮಾರಿಜಾತ್ರೆ ಶುರುವಾದರೆ ನಮ್ಮ ಪ್ರೆಸ್ಸಿನ ಹುಡುಗರು ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಕಳಿಸಿ.