ಬೆರಳಿನ ಮೀಟರ್ 98 ತೋರಿಸಿದರೂ ಆಕ್ಸಿಜನ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ಕಡೆ ಹಳ್ಳಿ. ಜನವರಿ ಚಳಿ ಅಂತ ಅತ್ತೆಯವರ ಕೋಣೆಯಲ್ಲಿ ಇದ್ದಿಲಿನ ಶೆಗಡಿ ಇಟ್ಟು ಬಾಗಿಲು, ಕಿಟಕಿ ಹಾಕಿದ್ದೆವು. ಹೊಗೆ ಒಂದಿಷ್ಟೂ ಇರಲಿಲ್ಲ. ನಸುಕಿನಲ್ಲಿ ಅವರಿಗೆ ತಲೆಸಿಡಿತ, ವಾಕರಿಕೆ, ಎದೆ ಡವಡವ. ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ 98 ತೋರಿಸಿತು. ಆದರೂ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಗಂಟೆಗಟ್ಟಲೆ ಆಕ್ಸಿಜನ್ ಕೊಟ್ಟರು, ಎರಡೆರಡು ಸಲ ಇಸಿಜಿ ತೆಗೆದರು. ಅವರಿಗೆ ಬಿಪಿ, ಶುಗರ್ ಇದೆ. ಇಷ್ಟೆಲ್ಲ ಬೇಕಿತ್ತಾ?

ಉತ್ತರ: ಖಂಡಿತ ಬೇಕಿತ್ತು. ಆ ಡಾಕ್ಟರು ಮೀಟರ್ ನಂಬದೆ ಶೆಗಡಿಯ ಮಾತು ನಂಬಿದ್ದು ಒಳ್ಳೆಯದಾಯಿತು.

ನಿಗಿನಿಗಿ ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಳಿದುಳಿದ ಆಕ್ಸಿಜನ್ನನ್ನೂ ರಕ್ತ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮೀಟರ್ ಬೆರಳೊಳಗೆ ಎರಡು ಬಗೆಯ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ, ಅಷ್ಟೇ. ಮಾನಾಕ್ಸೈಡ್ ಅಂಟಿದ ರಕ್ತವೂ ಕೆಂಪಗೇ ಇರುತ್ತದಲ್ವಾ, ಅದನ್ನೂ ಆಕ್ಸಿಜನ್ ಲೆಕ್ಕಕ್ಕೇ ಸೇರಿಸುತ್ತದೆ. ನಮ್ಮ ದೇಹವೂ ಇಲ್ಲಿ ಮೋಸಹೋಗುತ್ತದೆ. ಕುತ್ತಿಗೆಯ ರಕ್ತನಾಳದ ಹತ್ತಿರ ಆಕ್ಸಿಜನ್ ಅಳೆಯುವ ಪುಟ್ಟ ಅಂಗವೊಂದಿದೆ. ಅದು ನೋಡುವುದು ರಕ್ತದ ದ್ರವದಲ್ಲಿ ಕರಗಿರುವ ಆಕ್ಸಿಜನ್ನನ್ನು. ಅದೇನೂ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಉಸಿರುಗಟ್ಟಿದಂತೆ ಅನಿಸುವುದೇ ಕಮ್ಮಿ. ಮಲಗಿದವರು ಎಚ್ಚರಾಗದೆ ಹೋಗುವುದು ಹೀಗೆ.

ಇನ್ನು ಎದೆ ಡವಡವ. ಆಕ್ಸಿಜನ್ ಸಾಲದಾದಾಗ ಹೃದಯ ಬೇಗ ಬೇಗ ಬಡಿದು ಜಾಸ್ತಿ ರಕ್ತ ತಳ್ಳುತ್ತದೆ. ಮೆದುಳಿನ, ಹೃದಯದ ರಕ್ತನಾಳಗಳು ಅಗಲವಾಗುತ್ತವೆ. ಆದರೆ ಹೃದಯಕ್ಕೇ ಒಂದು ತೊಡಕಿದೆ. ಉಳಿದ ದೇಹ ತನಗೆ ಬಂದ ರಕ್ತದಿಂದ ಸುಮಾರು ಕಾಲುಭಾಗ ಆಕ್ಸಿಜನ್ ತೆಗೆದುಕೊಂಡರೆ, ಹೃದಯದ ಸ್ನಾಯು ಸುಮ್ನೆ ಕೂತಾಗಲೂ ಶೇ 70ರಷ್ಟು ಹೀರಿಕೊಂಡಿರುತ್ತದೆ. ಇನ್ನೂ ಬೇಕೆಂದರೆ ಹೆಚ್ಚು ರಕ್ತವೇ ಹರಿದುಬರಬೇಕು. ಬಿಪಿ, ಶುಗರ್ ಇರುವವರಲ್ಲಿ ಆ ನಾಳಗಳು ಮೊದಲೇ ಸಣ್ಣಗಾಗಿರಬಹುದು. ಆಗ ಕೆಲಸ ಏರುತ್ತದೆ, ಪೂರೈಕೆ ಏರುವುದಿಲ್ಲ. ಬಡಿತ ತಪ್ಪಬಹುದು, ಹೃದಯಾಘಾತವೂ ಆಗಬಹುದು. ಶುಗರ್ ಇರುವವರಿಗೆ ಎದೆನೋವು ಗೊತ್ತಾಗದೇ ಇರಬಹುದು. ಅದಕ್ಕೇ ಮತ್ತೆ ಮತ್ತೆ ಇಸಿಜಿ.

ಮಾಮೂಲಿ ಗಾಳಿಯಲ್ಲಿ ರಕ್ತದೊಳಗಿನ ಈ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಮಾಸ್ಕ್‌ನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಮುಂದಿನ ಕೆಲವು ವಾರ ಅತ್ತೆಯವರಿಗೆ ಮರೆವು, ನಡಿಗೆಯಲ್ಲಿ ತಡವರಿಕೆ ಕಂಡರೆ ತಡಮಾಡದೆ ತೋರಿಸಿ. ಅದೇ ಕೋಣೆಯಲ್ಲಿ ಮಕ್ಕಳು, ಬಸುರಿಯರು ಮಲಗಿದ್ದರೆ ಅವರನ್ನೂ ಕರೆದೊಯ್ಯಿರಿ. ಕಿಟಕಿ ಒಂಚೂರು ತೆರೆದರೆ ಆಯಿತು ಅನ್ನಬೇಡಿ. ಮಲಗುವ ಕೋಣೆಗೆ ಕೆಂಡವೇ ಬೇಡ, ಇನ್ನೊಂದು ಕಂಬಳಿ ಹೊದೆಸಿ.

ಪ್ರಶ್ನೆ: ಶಹಾಪುರ ಕಡೆ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆದು ಬಂದ ನಮ್ಮ ಕಾಕಾ ಬೆವತು ಕುಸಿದರು. ನಾಡಿ ಬಹಳ ನಿಧಾನ ಇತ್ತು. ವಿಷ ಅಂದರೆ ಎದೆ ಜೋರಾಗಿ ಬಡಿಯಬೇಕಲ್ವಾ?

ಉತ್ತರ: ಎಲ್ಲ ವಿಷವೂ ಒಂದೇ ಥರ ಅಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಎಣ್ಣೆ, ಹೃದಯದ ವೇಗ ಇಳಿಸುವ ನರದ ಕೆಲಸವನ್ನು ಮಿತಿಮೀರಿ ಹೆಚ್ಚಿಸುತ್ತದೆ. ನಾಡಿ ನಿಧಾನವಾಗಿ ಬಿಪಿ ಬೀಳುತ್ತದೆ. ಜೊಲ್ಲು ಸುರಿಯುತ್ತದೆ, ಕಣ್ಣಪಾಪೆ ಸಣ್ಣಗಾಗುತ್ತದೆ. ಕೆಲವರಲ್ಲಿ ಶುರುವಿನಲ್ಲಿ ನಾಡಿ ಜೋರಾಗೂ ಇರಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಯಿರಿ, 108ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಬೇಡಿ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಹೋಗುವಾಗ ಎಣ್ಣೆಯ ಡಬ್ಬಿಯನ್ನು ಚೀಟಿ ಸಮೇತ ಒಯ್ಯಿರಿ.