ದುಡಿಮೆಯ ಪ್ರಶ್ನೆ: ಮೇಲಿನ ಸಾಲಿನ ಗೂಡುಗಳು

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ಬೀದರ್ ಕಡೆಯವಳು, ವಯಸ್ಸು 36. ಒಂಬತ್ತು ವರ್ಷಗಳಿಂದ ಅಂಚೆ ವಿಂಗಡಣೆಯ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷಗಳಿಂದ ಬಲಭುಜ ನೋಯುತ್ತಿದೆ. ಈಗ ಜಡೆ ಹೆಣೆದುಕೊಳ್ಳಲೂ ಕೈ ಹಿಂದಕ್ಕೆ ಹೋಗುವುದಿಲ್ಲ. ಚೀಲ ಬಿಚ್ಚುವ ಇಬ್ಬರಿಗೆ ಸೊಂಟ ಹಿಡಿದಿದೆ. ಕಳೆದ ತಿಂಗಳು ನಮ್ಮಲ್ಲಿ ಒಂದು ಪೆಟ್ಟಿಗೆ ಇಟ್ಟು, ‘ಮೈಕೈ ನೋವು ಕಡಿಮೆ ಮಾಡುವ ಉಪಾಯಗಳನ್ನು ನೌಕರರೇ ಬರೆದು ಹಾಕಲಿ’ ಎಂದಿದ್ದಾರೆ. ಇದುವರೆಗೆ ಅದರಲ್ಲಿ ಬಿದ್ದಿರುವುದು ಒಂದು ಚಾಕೊಲೇಟ್ ಕಾಗದ ಮಾತ್ರ. ನಾವು ಏನು ಬರೆಯಬೇಕು? ಬರೆದರೆ ಏನಾದರೂ ಆಗುತ್ತದೆಯೇ?

ಉತ್ತರ: ತಾಯಿ, ಮೊದಲು ಆ ಭುಜವನ್ನು ವೈದ್ಯರಿಗೆ ತೋರಿಸಿ. ಜಡೆಗೆ ಕೈ ಹೋಗದಷ್ಟು ಬಿಗಿದುಕೊಂಡಿದ್ದರೆ ಮುಲಾಮು ಹಚ್ಚುತ್ತ ಕಾಲ ಕಳೆಯಬಾರದು. ಅದಕ್ಕೆ ನನ್ನ ಅಂಕಣ ಮದ್ದಲ್ಲ. ಪೆಟ್ಟಿಗೆಯ ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು. ಕಲಬುರಗಿ ಸೀಮೆಯಲ್ಲಿ 31 ವರ್ಷ, ಊರೂರಿನ ಕಾಗದ ಬೇರೆ ಮಾಡಿ ಹಾಕುವ ಅದೇ ಗೂಡುಗಳ ಮುಂದೆ ನಿಂತವನು ನಾನು. ಅಂಥ ಒಂದು ಪೆಟ್ಟಿಗೆಗೆ ನಾನೇ ಬೀಗ ಹಾಕಿಸಿದ್ದೆ. ಅದರ ಕೀಲಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ನಿಮ್ಮ ಭುಜದ ಕಥೆ ಓದಿದಾಗ ನನ್ನ ಜೊತೆಗಿದ್ದ ಒಬ್ಬ ಅಕ್ಕನವರು ನೆನಪಾದರು. ಗಿಡ್ಡ ಆಳು. ನಮ್ಮ ವಿಂಗಡಣೆಯ ಗೂಡುಗಳಿಗೆ ಊರಿನ ಹೆಸರಿನ ಚೀಟಿಗಳನ್ನು ಯಾವ ಕಾಲದಲ್ಲಿ ಯಾರು ಅಂಟಿಸಿದ್ದರೋ, ಯಾರಿಗೂ ತಿಳಿಯದು. ಬೆಂಗಳೂರು, ಹೈದರಾಬಾದ್, ಸೋಲಾಪುರ ಎಲ್ಲವೂ ಮೇಲಿನ ಸಾಲಿನಲ್ಲಿ. ದೊಡ್ಡ ಊರು ಮೇಲೆಯೇ ಕೂರಬೇಕೆಂಬ ಮರ್ಯಾದೆ ಇದ್ದಿರಬೇಕು! ಎದೆಯ ಮಟ್ಟದಲ್ಲಿ, ಕೈ ತಾನಾಗಿ ಹೋಗುವ ಜಾಗದಲ್ಲಿ, ವಾರಕ್ಕೆ ನಾಲ್ಕು ಕಾಗದ ಬರುವ ಊರುಗಳು. ನಾನು ಎತ್ತರದವನಾದ್ದರಿಂದ ನನಗೆ ಅದು ಕಾಣಲೇ ಇಲ್ಲ. ಆ ಅಕ್ಕನವರು ಒಂದು ದಿನ ಹಳೆಯ ಫಾರಂ ಒಂದರ ಬೆನ್ನ ಮೇಲೆ, ಕೈ ಹೆಗಲಿಗಿಂತ ಮೇಲೆ ಹೋದಾಗಲೆಲ್ಲ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತ ಹೋದರು. ನಾಲ್ಕು ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟರು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ಆ ಫಾರಂ ನೋಡಿದ ಮೇಲೆ ನಮ್ಮ ಮುಖ್ಯಸ್ಥರು ಸುಮ್ಮನಾದರು. ‘ಭುಜ ನೋಯುತ್ತದೆ’ ಎಂದು ಅವರು ಎಷ್ಟೋ ಸಲ ಕೇಳಿದ್ದರು. ನಾಲ್ಕು ನೂರು ಗೀಟುಗಳನ್ನು ನೋಡಿರಲಿಲ್ಲ. ಚೀಟಿಗಳನ್ನು ಬದಲಾಯಿಸಿದೆವು. ಹೆಚ್ಚು ಕಾಗದ ಬರುವ ಊರುಗಳು ಮೊಣಕೈ ಮತ್ತು ಭುಜದ ನಡುವಿನ ಸಾಲುಗಳಿಗೆ ಇಳಿದವು, ಅಪರೂಪದವು ಮೇಲಕ್ಕೆ ಹತ್ತಿದವು. ಖರ್ಚು, ಒಂದು ಬಾಟಲಿ ಗೋಂದು.

ಮೊದಲ ವಾರ ಗೊಂದಲವೋ ಗೊಂದಲ. ರಾತ್ರಿ ಪಾಳಿಯವರ ಕೈಗೆ ಹಳೆಯ ಜಾಗಗಳೇ ರೂಢಿ. ಸೋಲಾಪುರದ ಕಟ್ಟು ಶಹಾಪುರದ ಚೀಲಕ್ಕೆ ಬಿದ್ದು, ವಿವರಣೆ ಕೇಳಿದ ಕಾಗದ ಬಂತು. ‘ಹೆಂಗಸರ ಮಾತು ಕೇಳಿ ಹೀಗಾಯಿತು’ ಎಂದು ಒಬ್ಬರು ಗೊಣಗಿದರು. (ಅವರ ಭುಜಕ್ಕೂ ಈಗ ಶಸ್ತ್ರಚಿಕಿತ್ಸೆಯಾಗಿದೆ, ಹೇಳಬಾರದು, ಹೇಳಿಬಿಟ್ಟೆ.) ಅಕ್ಕನವರು ಸೋಲಲಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಗೂಡುಗಳಿಗೆ ಹಳದಿ ಚೀಟಿ, ಪಿನ್‌ಕೋಡ್ 585ರಿಂದ ಶುರುವಾಗುವ ನಮ್ಮ ಊರುಗಳಿಗೆ ಬಿಳಿ ಚೀಟಿ ಮಾಡಿದರು. ಕಲಬುರಗಿ 585101, ಯಾದಗಿರಿ 585201, ಬೀದರ್ 585401. ಮೂರೂ ಒಂದೇ 585ರ ಮಕ್ಕಳಾದ್ದರಿಂದ ಬಿಳಿಯದೆಲ್ಲ ಒಂದೇ ಕಡೆ ಬಂತು. ಎರಡನೆಯ ವಾರಕ್ಕೆ ಕೈಗಳು ಕಲಿತುಕೊಂಡವು.

ಇನ್ನು ಚೀಲ ಬಿಚ್ಚುವವರ ಸೊಂಟ. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಏಕೆಂದರೆ ಅಧಿಕಾರಿಗಳಿಗೆ ಲೆಕ್ಕವೇ ಅರ್ಥವಾಗುವ ಭಾಷೆ. ಭಾರ ಎತ್ತುವ ಬಗ್ಗೆ ಅಮೆರಿಕದ ನಯಾಶ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಒಂದು ಸೂತ್ರ ಮಾಡಿದೆ. ಎಲ್ಲ ಅನುಕೂಲವೂ ಇದ್ದಾಗ, ಅಂದರೆ ಭಾರ ಮೈಗೆ ಹತ್ತಿರವಿದ್ದು, ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿದ್ದು, ಮೈ ತಿರುಚದೆ, ಅಪರೂಪಕ್ಕೊಮ್ಮೆ ಎತ್ತುವುದಾದರೆ ಮಿತಿ 23 ಕಿಲೋ. ಅದೇ ಚೀಲ ಕಾಲಿನ ಗೆಣ್ಣುಗಳಿಂದ 25 ಸೆಂಟಿಮೀಟರ್ ದೂರದ ಬದಲು 50 ಸೆಂಟಿಮೀಟರ್ ದೂರದಲ್ಲಿದ್ದರೆ ಮಿತಿ ಅರ್ಧಕ್ಕೆ, 11.5 ಕಿಲೋಗೆ ಇಳಿಯುತ್ತದೆ. ನೆಲದಿಂದ ಎತ್ತಿದರೆ, ಸೊಂಟ ತಿರುಗಿಸಿದರೆ, ನಿಮಿಷ ನಿಮಿಷಕ್ಕೂ ಎತ್ತಿದರೆ ಇನ್ನೂ ಕಡಿಮೆ. ನಮ್ಮ ಸ್ಪೀಡ್ ಪೋಸ್ಟ್‌ನಲ್ಲಿ 35 ಕಿಲೋವರೆಗಿನ ಪೊಟ್ಟಣ ತೆಗೆದುಕೊಳ್ಳುತ್ತಾರೆ. ಲೆಕ್ಕ ನೀವೇ ಮಾಡಿ.

ಈ ಸೂತ್ರ ಓದುವ ಎಷ್ಟೋ ಮೊದಲೇ ನಮ್ಮಲ್ಲಿ ಚೀಲ ಬಿಚ್ಚುತ್ತಿದ್ದ ಒಬ್ಬ ಹುಡುಗ ಇದನ್ನು ಹೇಳಿದ್ದ. ಅವನ ಅಪ್ಪ ಇಲ್ಲಿಯ ಧಾನ್ಯದ ಮಾರುಕಟ್ಟೆ ನೆಹರೂ ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲ. ‘ಗಂಜಿನಲ್ಲಿ ನಮ್ಮಪ್ಪ ನೆಲದ ಮೇಲಿನ ಚೀಲ ಒಬ್ಬನೇ ಎತ್ತುವುದಿಲ್ಲ ಸರ್. ಥಪ್ಪಿಯ, ಅಂದರೆ ಒಟ್ಟಿದ ಚೀಲಗಳ, ಮೇಲಿಂದ ಬೆನ್ನಿಗೆ ಇಳಿಸಿಕೊಳ್ಳುತ್ತಾನೆ. ನಾವು ಓದು ಕಲಿತವರು, ಇಲ್ಲಿ ನೆಲಕ್ಕೆ ಎಸೆದು ಮತ್ತೆ ಎತ್ತುತ್ತೇವೆ’ ಎಂದ. ನಾನು ನಕ್ಕುಬಿಟ್ಟೆ. ಆಗ ನಾನು ಸಂಘದ ಕಾರ್ಯದರ್ಶಿ, ದೊಡ್ಡ ದೊಡ್ಡ ಬೇಡಿಕೆಗಳ ಗುಂಗಿನಲ್ಲಿದ್ದೆ. ಅವನು ಸುಮ್ಮನಿರಲಿಲ್ಲ. ಮುರಿದ ಎರಡು ಬೆಂಚುಗಳನ್ನು ಜೋಡಿಸಿ ಮೊಣಕಾಲಿಗಿಂತ ಎತ್ತರದ ಒಂದು ಕಟ್ಟೆ ಮಾಡಿಕೊಂಡ. ಗಾಡಿಯಿಂದ ಬಂದ ಚೀಲ ನೇರವಾಗಿ ಕಟ್ಟೆಗೆ, ಕಟ್ಟೆಯಿಂದ ಜಾರಿಸಿ ಮೇಜಿಗೆ. ನೆಲ ಮುಟ್ಟುವಂತಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬಡಗಿಯಿಂದ ಅದನ್ನೇ ಗಟ್ಟಿಯಾಗಿ ಮಾಡಿಸಬೇಕಾಯಿತು.

ನಾನು ಹೋರಾಡಿ ತಂದದ್ದು ಏನು ಗೊತ್ತೇ? ಸೊಂಟದ ಬೆಲ್ಟು. ಆರು ಅರ್ಜಿ, ಎರಡು ಧರಣಿ. ಬೆಲ್ಟು ಬಂದ ದಿನ ಪೇಢೆ ಹಂಚಿದೆವು. ಏಪ್ರಿಲ್ ಬಂತು, ಕಲಬುರಗಿಯ ಬಿಸಿಲು 40 ದಾಟಿತು, ಬೆಲ್ಟಿನ ಕೆಳಗೆ ಬೆವರುಸಾಲೆ ಎದ್ದಿತು, ಎಲ್ಲರೂ ಬಿಚ್ಚಿಟ್ಟರು. ಒಂದು ಬೆಲ್ಟು ನನ್ನ ಊಟದ ಡಬ್ಬಿ ಕಟ್ಟಲು ಬಹಳ ವರ್ಷ ಉಪಯೋಗಕ್ಕೆ ಬಂತು. ಆಮೇಲೆ ತಿಳಿದದ್ದು: ಆರೋಗ್ಯವಂತ ಕೆಲಸಗಾರನ ಬೆನ್ನನ್ನು ಬೆಲ್ಟು ಕಾಪಾಡುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅದೇ ನಯಾಶ್ 1994ರಲ್ಲೇ ಹೇಳಿತ್ತು. ಬೆಲ್ಟು ಕೇಳಿದವನು ನಾನು. ಚೀಲ ಎತ್ತುವವರನ್ನು ನಾನು ಕೇಳಿರಲಿಲ್ಲ.

ಆದ್ದರಿಂದ ನಿಮ್ಮ ಪೆಟ್ಟಿಗೆಗೆ ‘ಒಳ್ಳೆಯ ಕುರ್ಚಿ ಕೊಡಿ’, ‘ಯಂತ್ರ ತರಿಸಿ’ ಎಂದು ಬರೆಯಬೇಡಿ. ಅದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿದ್ಧವಿರುತ್ತದೆ. ಯಾವ ಜಾಗ, ಯಾವ ಚಲನೆ, ಒಂದು ಪಾಳಿಯಲ್ಲಿ ಎಷ್ಟು ಸಲ, ನೆಲದಿಂದ ಎಷ್ಟು ಎತ್ತರ, ಮೈಯಿಂದ ಎಷ್ಟು ದೂರ ಎಂಬುದನ್ನು ಬರೆಯಿರಿ. ಟೈಲರ್ ಅಂಗಡಿಯ ಟೇಪೊಂದು ಸಾಕು. ನಿಮ್ಮನ್ನು ನೀವೇ ನೋಡಿಕೊಳ್ಳಲು ಆಗದು, ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿ. ಸ್ಕ್ಯಾನರ್ ಹಿಡಿದ ಮಣಿಕಟ್ಟು ಎಷ್ಟು ಬಾಗುತ್ತದೆ, ಆಳವಾದ ತಳ್ಳುಗಾಡಿಯ ತಳದ ಕೊನೆಯ ಪೊಟ್ಟಣಕ್ಕೆ ಯಾರು ಎಷ್ಟು ಬಗ್ಗುತ್ತಾರೆ ಎನ್ನುವುದೆಲ್ಲ ಆಗ ಕಾಣುತ್ತದೆ. ಭಾರ ಇಳಿದಂತೆ ತಳವೇ ಮೇಲೇಳುವ ಸ್ಪ್ರಿಂಗ್ ಗಾಡಿಗಳು ಇವೆ. ಅವು ಬರುವವರೆಗೆ ಗಾಡಿಯ ತಳಕ್ಕೆ ಖಾಲಿ ಪೆಟ್ಟಿಗೆ ಬೋರಲು ಹಾಕಿದರೂ ಒಂದು ಅಡಿ ಬಗ್ಗುವುದು ತಪ್ಪುತ್ತದೆ.

ಏನಾದರೂ ಆಗುತ್ತದೆಯೇ ಎಂದು ಕೇಳಿದ್ದೀರಿ. ಪೆಟ್ಟಿಗೆಯಿಂದ ಆಗುವುದಿಲ್ಲ. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಎಲ್ಲರ ಮುಂದೆ ತೆರೆದು, ಚೀಟಿ ಬರೆದವರನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ಮಾತಾಡಿದರೆ ಆಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಅಂಚೆ ಸೇವೆ, ಕೆಲಸದ ಸ್ಥಳದ ಸುರಕ್ಷತೆ ನೋಡುವ ಅಲ್ಲಿನ ಸರ್ಕಾರಿ ಇಲಾಖೆ ಒಷಾ, ಮತ್ತು ನೌಕರರ ಸಂಘಗಳು ಇಂಥ ಮೈಕೈ ನೋವು ಕಡಿಮೆ ಮಾಡಲೆಂದೇ ಒಪ್ಪಂದ ಮಾಡಿಕೊಂಡವು. ಅಷ್ಟು ದೊಡ್ಡ ಸಂಸ್ಥೆ ಸಂಘದವರನ್ನು ಜೊತೆಗೆ ಕೂರಿಸಿಕೊಂಡಿತು ಎನ್ನುವುದನ್ನು ನಿಮ್ಮ ಅಧಿಕಾರಿಗೆ ಮೆಲ್ಲಗೆ ತಿಳಿಸಿ. ಇನ್ನೆರಡು ವಿಷಯಗಳನ್ನು ಮೊದಲೇ ಕೇಳಿ ಪಡೆಯಿರಿ. ‘ಆಗದು’ ಎಂದಾದರೂ ಸರಿ, ಪ್ರತಿ ಚೀಟಿಗೂ ಕಾರಣ ಬರೆದ ಉತ್ತರ ಬರಬೇಕು. ಗೋಂದು, ಹಲಗೆ, ಬಡಗಿಯ ಕೂಲಿಯಂಥ ಸಣ್ಣ ಖರ್ಚನ್ನು ಮೇಲಿನ ಕಚೇರಿಗೆ ಬರೆಯದೆ ಅಲ್ಲೇ ಮಾಡುವ ಅಧಿಕಾರ ಒಬ್ಬರಿಗಾದರೂ ಇರಬೇಕು. ಮೊದಲ ಚೀಟಿ ನಿಮ್ಮದೇ ಆಗಲಿ, ಹೆಸರು ಹಾಕಿಯೇ ಬರೆಯಿರಿ.

ಪ್ರಶ್ನೆ: ಅಣ್ಣಾವರೇ, ನಾವು ಪಾರ್ಸೆಲ್ ವಿಂಗಡಿಸುವವರು ಇಡೀ ಪಾಳಿ ನಿಂತೇ ಇರುತ್ತೇವೆ. ಎತ್ತರದ ಸ್ಟೂಲ್ ಕೇಳಿದರೆ ‘ಕೂರಲು ಬಂದಿದ್ದೀರಾ?’ ಎನ್ನುತ್ತಾರೆ. ಹಿಮ್ಮಡಿ ಉರಿಯುತ್ತದೆ. — ಯಾದಗಿರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, ನಿಂತೇ ದುಡಿಯಬೇಕಾದವರಿಗೆ ಅವಕಾಶ ಸಿಕ್ಕಾಗ ಕೂರಲು ಏರ್ಪಾಡಿರಬೇಕೆಂದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ಹೇಳುತ್ತಿತ್ತು. ನಿಮ್ಮದು ಕಾರ್ಖಾನೆಯಲ್ಲ ಎಂದು ಅವರು ವಾದಿಸಬಹುದು. ಕಾಲಿಗೆ ಆ ವ್ಯತ್ಯಾಸ ಗೊತ್ತಿಲ್ಲ ಎನ್ನಿ.

ಆದರೆ ನನಗೆ ಸ್ಟೂಲಿಗಿಂತ ನೆಲದ ಮೇಲೆ ಹೆಚ್ಚು ಅನುಮಾನ. ನಮ್ಮ ಕಡೆ ಎಲ್ಲೆಲ್ಲೂ ಶಹಾಬಾದ್ ಕಲ್ಲಿನ ಹಾಸು. ಬೇಸಿಗೆಯಲ್ಲಿ ಮಲಗಲು ಅದರಂಥದ್ದು ಇನ್ನೊಂದಿಲ್ಲ, ಎಂಟು ಗಂಟೆ ನಿಲ್ಲಲು ಅದರಷ್ಟು ಕೆಟ್ಟದ್ದೂ ಇಲ್ಲ. ನಮ್ಮ ಹಳಬರು ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲುತ್ತಿದ್ದರು, ಒಂದು ಕಾಲನ್ನು ಇಟ್ಟಿಗೆಯ ಮೇಲಿಟ್ಟು ಆಗಾಗ ಬದಲಾಯಿಸುತ್ತಿದ್ದರು. ಎರಡು ವಾರ ನೀವೂ ಹಾಗೆ ಮಾಡಿ ನೋಡಿ. ಹಿಮ್ಮಡಿಯ ಉರಿ ಕಡಿಮೆಯಾದರೆ ಎಷ್ಟು ಜನರಿಗೆ ಕಡಿಮೆಯಾಯಿತೆಂದು ಬರೆದು, ದಪ್ಪ ರಬ್ಬರ್ ಹಾಸು ಕೇಳಿ. ಗೋಣಿಯನ್ನೇ ಕಾಯಂ ಮಾಡಿಕೊಳ್ಳಬೇಡಿ. ಒದ್ದೆಯಾದರೆ ಜಾರುತ್ತದೆ, ಅಂಚು ಸುರುಳಿಯಾದರೆ ಚೀಲ ಹೊತ್ತವರು ಎಡವುತ್ತಾರೆ. ನನ್ನ ಎಡ ಮುಂಗೈ ಮುರಿದದ್ದು ಹಾಗೆಯೇ.